ಕಳೆಯ ಜೊತೆಗೆ ಬೆಳೆಯೂ ಹೋಗದಿರಲಿ

ಕಬ್ಬಿನ ಹೊಲಕ್ಕೆ 2,4-ಡಿ ಎಂಬ ಕಳೆನಾಶಕವನ್ನು ಸಿಂಪಡಿಸುವ ರೈತನಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಈ ‘ಕಸದ ಎಣ್ಣೆ’ಯು ಅಗಲ ಎಲೆಯ ಕಳೆಗಳನ್ನು ಕೊಲ್ಲುತ್ತದೆ, ಹುಲ್ಲಿನ ಕುಲಕ್ಕೆ ಸೇರಿದ ಕಬ್ಬನ್ನು ಉಳಿಸುತ್ತದೆ. ಆದರೆ ಅದೇ ಕಬ್ಬಿನ ಸಾಲುಗಳ ನಡುವೆ ಸೋಯಾ ಅವರೆಯನ್ನೋ ಕಡಲೆಯನ್ನೋ ಅಂತರಬೆಳೆಯಾಗಿ ಬಿತ್ತಿದ್ದರೆ ಅವೂ ಕಳೆಯೊಂದಿಗೆ ಸುಟ್ಟುಹೋಗುತ್ತವೆ. ಔಷಧಕ್ಕೆ ಎಲೆಯ ಗುಣ ತಿಳಿಯುತ್ತದೆಯೇ ಹೊರತು ಬಿತ್ತಿದವನ ಮನಸ್ಸು ತಿಳಿಯುವುದಿಲ್ಲ.

ಮಿಂಚಂಚೆಯ ಪೆಟ್ಟಿಗೆಗೆ ಅಳವಡಿಸಿರುವ ಸ್ಪ್ಯಾಮ್ ಜರಡಿಯ ಕೆಲಸವೂ ಇದೇ ಬಗೆಯದು. ಲಾಟರಿ, ಸಾಲ, ನಕಲಿ ನೌಕರಿಗಳ ಆಮಿಷವೊಡ್ಡುವ ಪತ್ರಗಳನ್ನು ಅದು ದಿನವಿಡೀ ಹಿಡಿದು ಬದಿಗೆ ಸರಿಸುತ್ತದೆ. ಅದಿಲ್ಲದಿದ್ದರೆ ನಮ್ಮ ಅಂಚೆಪೆಟ್ಟಿಗೆಗಳು ಒಂದು ವಾರವೂ ಬಳಕೆಗೆ ಬರಲಾರವು. ಆದರೆ ಅದೇ ಜರಡಿಯು ನಾವೇ ಕೇಳಿ ತರಿಸಿಕೊಂಡ ಮಳೆಯ ವರದಿಯನ್ನು, ಕೃಷಿ ಸಲಹೆಯನ್ನು, ನಮ್ಮ ಈ ಪತ್ರಿಕೆಯಂತಹ ಸಣ್ಣ ವಾರ್ತಾಪತ್ರವನ್ನು ಸಹ ಕೆಲವೊಮ್ಮೆ ಕಸವೆಂದು ಬಗೆದು ಬದಿಗಿಡುತ್ತದೆ. ಪತ್ರ ಬರಲಿಲ್ಲವೆಂದು ಓದುಗರು ಸುಮ್ಮನಾಗುತ್ತಾರೆ. ಪತ್ರ ತಲುಪಿತೆಂದು ಕಳಿಸಿದವರು ನೆಮ್ಮದಿಯಿಂದಿರುತ್ತಾರೆ. ನಡುವೆ ಸುದ್ದಿಯೊಂದು ಸದ್ದಿಲ್ಲದೆ ಸತ್ತುಹೋಗಿರುತ್ತದೆ.

ಇದು ನಗರದ ಕಚೇರಿಗಳ ತೊಂದರೆ, ಹಳ್ಳಿಗರಾದ ನಮಗೇಕೆ ಎಂದು ಕೇಳುವವರಿದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಮಟ್ಟಿಗಾದರೂ ಇದು ನಮ್ಮದೇ ತೊಂದರೆ. ಅದಕ್ಕೆ ಮದ್ದು ಯಂತ್ರದಲ್ಲಿಲ್ಲ, ಬಹುಪಾಲು ನಮ್ಮ ಕೈಯಲ್ಲಿಯೇ ಇದೆ ಎಂಬುದು ಈ ಬರಹದ ವಾದ.

ಆಕಾಶ ಹೇಳದ ಸುದ್ದಿ

ನಮ್ಮ ಐದು ತಾಲೂಕುಗಳ ಭೂಗೋಳವನ್ನು ಒಮ್ಮೆ ನೆನಪಿಗೆ ತಂದುಕೊಳ್ಳೋಣ. ಕೃಷ್ಣೆಯು ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದೇ ನದಿಯ ದಡದ ಅಥಣಿ ತಾಲೂಕಿನಲ್ಲಿ 600 ಮಿಲಿಮೀಟರಿನ ಆಸುಪಾಸು ಬಿದ್ದರೆ ಒಳ್ಳೆಯ ವರ್ಷ. ಕೊಯ್ನಾ, ವಾರಣಾ, ರಾಧಾನಗರಿ, ಕಾಳಮ್ಮವಾಡಿ, ಪಾಟಗಾಂವ ಜಲಾಶಯಗಳೆಲ್ಲ ಸಹ್ಯಾದ್ರಿಯ ಮಡಿಲಿನಲ್ಲಿವೆ. ಅಲ್ಲಿ ಮಳೆ ಹೆಚ್ಚಾಗಿ ಬಾಗಿಲುಗಳನ್ನು ತೆರೆದರೆ ಆ ನೀರು ರಾಜಾಪುರ ಬ್ಯಾರೇಜನ್ನು ದಾಟಿ ಕರ್ನಾಟಕವನ್ನು ಹೊಗುತ್ತದೆ. ಇತ್ತ ವೇದಗಂಗೆಯನ್ನು ಕೂಡಿಸಿಕೊಂಡ ದೂಧಗಂಗೆಯು ಚಿಕ್ಕೋಡಿ ತಾಲೂಕಿನ ಕಲ್ಲೋಳ–ಯಡೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ಹೀಗಾಗಿ ಅಥಣಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳೆಯ ನೀರು ಹೊಲಕ್ಕೆ ನುಗ್ಗುವುದುಂಟು. ತಲೆಯ ಮೇಲಿನ ಆಕಾಶವನ್ನು ನೋಡಿ ನೆರೆಯನ್ನು ಊಹಿಸುವುದು ಇಲ್ಲಿ ಸಾಧ್ಯವಿಲ್ಲ. ಬೆಟ್ಟದ ಸುದ್ದಿಯು ಬೆಟ್ಟದ ನೀರಿಗಿಂತ ಮೊದಲು ಬಯಲಿಗೆ ಇಳಿಯಬೇಕು.

2005ರ ನೆರೆಯನ್ನು ನೋಡಿದ ಹಿರಿಯರು ಇದನ್ನು ಬಲ್ಲರು. 2019ರ ಆಗಸ್ಟಿನಲ್ಲಿ ಕೃಷ್ಣಾತೀರದ ಊರುಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. 2019ರಲ್ಲಿಯೂ 2021ರ ಜುಲೈನಲ್ಲಿಯೂ ನಿಪ್ಪಾಣಿ ತಾಲೂಕಿನ ಯಮಗರ್ಣಿಯ ಬಳಿ ವೇದಗಂಗೆಯು ಉಕ್ಕಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದಾಯಿತು. ತವಂದಿ ಘಟ್ಟದ ಮಗ್ಗುಲಿನಲ್ಲಿ ವಾಸಿಸುವ ನನ್ನಂಥವರಿಗೆ ಹೊಳೆಯು ಮನೆಯ ಬಾಗಿಲಿಗೆ ಬರುವುದಿಲ್ಲ. ಆದರೆ ಘಟ್ಟದ ಮೇಲಿರುವವರು ಮಳೆಯನ್ನು ಮೊದಲು ಕಾಣುತ್ತಾರೆ. ಕಂಡದ್ದನ್ನು ಕೆಳಗಿನವರಿಗೆ ಹೇಳುವುದು ಅವರ ಧರ್ಮ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಂದು ರಾತ್ರಿ ಊರು ಬಿಡಬೇಕೆಂಬ ತುರ್ತು ಸೂಚನೆಗೆ ಮಿಂಚಂಚೆಯನ್ನು ಯಾರೂ ನೆಚ್ಚಬಾರದು. ಅದಕ್ಕೆ ದೂರವಾಣಿ, ಧ್ವನಿವರ್ಧಕ, ಪಂಚಾಯತಿಯ ಡಂಗುರ ಇವೇ ಸರಿಯಾದ ಸಾಧನಗಳು. ವಾರ್ತಾಪತ್ರದ ಕೆಲಸ ಬೇರೆ. ಜಲಾಶಯಗಳು ಎಷ್ಟು ತುಂಬಿವೆ, ಮುಂದಿನ ವಾರದ ಮಳೆಯ ಲಕ್ಷಣವೇನು, ನದಿತೀರದ ಕಬ್ಬಿಗೆ ಈಗ ಮೇಲುಗೊಬ್ಬರ ಕೊಡುವುದು ಯುಕ್ತವೇ, ಸೋಯಾ ಅವರೆಯ ಕೊಯ್ಲನ್ನು ಮುಂದೂಡಬೇಕೇ ಎಂಬ ನಿಧಾನದ ತಿಳಿವಳಿಕೆ ಅದರದು. ಧಾರವಾಡ ಕೃಷಿ ವಿಶ್ವವಿದ್ಯಾಲಯದಂತಹ ಸಂಸ್ಥೆಗಳು ಹವಾಮಾನ ಇಲಾಖೆಯ ಜೊತೆಗೂಡಿ ಮಂಗಳವಾರ ಮತ್ತು ಶುಕ್ರವಾರ ಇಂತಹ ಸಲಹೆಯನ್ನು ಸಿದ್ಧಪಡಿಸುತ್ತವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. 2018ರಿಂದ ದೇಶದಾದ್ಯಂತ ತೆರೆಯಲಾಗಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಲಾಯಿತು. ಸುದ್ದಿಯ ಮೂಲಗಳು ಹೀಗೆ ಕಡಿಮೆಯಾಗುವಾಗ, ಉಳಿದ ಮೂಲಗಳಿಂದ ಬರುವ ಪತ್ರವು ದಾರಿಯಲ್ಲಿ ಕಳೆದುಹೋಗದಂತೆ ಕಾಯುವುದು ಇನ್ನಷ್ಟು ಮುಖ್ಯವಾಗುತ್ತದೆ.

ಮೂವತ್ತು ದಿನಗಳ ಲೆಕ್ಕ

ಇನ್ನೊಂದು ಉದಾಹರಣೆಯು ಪರಿಸರ ಚಳವಳಿಗೆ ನೇರವಾಗಿ ಸಂಬಂಧಿಸಿದ್ದು. ನಮ್ಮದು ಸಕ್ಕರೆ ಕಾರ್ಖಾನೆಗಳ ಸೀಮೆ. ಉಗಾರದ ಕಾರ್ಖಾನೆಯು 1939ರಷ್ಟು ಹಳೆಯದು. ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳಲ್ಲಿ ಸಹಕಾರಿ ಕಾರ್ಖಾನೆಗಳಿವೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದಿನಕ್ಕೆ 5,000 ಟನ್ ಅಥವಾ ಅದಕ್ಕಿಂತ ಹೆಚ್ಚು ಕಬ್ಬು ನುರಿಸುವ ಘಟಕಕ್ಕೆ ಪರಿಸರ ಅನುಮತಿ ಬೇಕು. ಸಾರ್ವಜನಿಕ ಅಹವಾಲು ಸಭೆಯನ್ನು ನಡೆಸಬೇಕಾದಲ್ಲಿ ಕನಿಷ್ಠ 30 ದಿನಗಳ ಮುಂಚಿತ ಸೂಚನೆಯನ್ನು ಕೊಡಬೇಕು. ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಆ ಸೂಚನೆ ಅಚ್ಚಾಗಬೇಕು. ಪತ್ರಿಕೆಗಳು ತಲುಪದ ಸ್ಥಳಗಳಲ್ಲಿ ಡಂಗುರ ಸಾರುವ ಮಾತು ಸಹ ನಿಯಮದಲ್ಲಿದೆ.

ವಾಸ್ತವದಲ್ಲಿ ಪತ್ರಿಕೆಯ ಒಳಪುಟದ ಸಣ್ಣ ಅಕ್ಷರಗಳ ಸೂಚನೆಯನ್ನು ಹೊಲದ ಕೆಲಸದಲ್ಲಿರುವವರು ಕಾಣುವುದು ಅಪರೂಪ. ಇಂತಹ ಸೂಚನೆಗಳನ್ನು ಹೆಕ್ಕಿ ತೆಗೆದು, ಸರಳವಾಗಿ ವಿವರಿಸಿ ಓದುಗರಿಗೆ ಮುಟ್ಟಿಸುವುದು ಪರಿಸರ ಗುಂಪುಗಳ ವಾರ್ತಾಪತ್ರಗಳ ಕೆಲಸ. ಈಗ ಲೆಕ್ಕವನ್ನು ನೋಡಿರಿ. ಜಿಮೇಲ್‌ನಲ್ಲಿ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದ ಪತ್ರವು 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ. ಅಹವಾಲು ಸಭೆಯ ಅವಧಿಯೂ 30 ದಿನ, ಕಸದ ಪೆಟ್ಟಿಗೆಯ ಆಯುಷ್ಯವೂ 30 ದಿನ. ಆ ಪೆಟ್ಟಿಗೆಯನ್ನು ಎಂದೂ ತೆರೆಯದ ಓದುಗನ ಪಾಲಿಗೆ ಸಭೆಯೂ ಮುಗಿದಿರುತ್ತದೆ, ಸೂಚನೆಯೂ ಅಳಿದಿರುತ್ತದೆ. ‘ಆಕ್ಷೇಪಣೆಗಳು ಬಂದಿಲ್ಲ’ ಎಂಬ ಒಂದು ಸಾಲು ಮಾತ್ರ ಕಡತದಲ್ಲಿ ಉಳಿಯುತ್ತದೆ.

ಜರಡಿಯು ಕಲಿಯುವ ಬಗೆ

ಬೇಡದ ಅಂಚೆಯ ಇತಿಹಾಸವು ಮಿಂಚಂಚೆಯಷ್ಟೇ ಹಳೆಯದೆನ್ನಬಹುದು. 1978ರ ಮೇ 3ರಂದು ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟಗಾರನು ಅಂದಿನ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಕಳಿಸಿದನು. ಅದನ್ನೇ ಮೊದಲ ಸ್ಪ್ಯಾಮ್ ಎಂದು ಗುರುತಿಸುತ್ತಾರೆ. ಇಂದು ಜಗತ್ತಿನಲ್ಲಿ ಓಡಾಡುವ ಮಿಂಚಂಚೆಯ ಸರಿಸುಮಾರು ಅರ್ಧದಷ್ಟು ಕಸವೇ ಎಂದು ಭದ್ರತಾ ಸಂಸ್ಥೆಗಳು ಅಂದಾಜಿಸುತ್ತವೆ.

ಆರಂಭದ ಜರಡಿಗಳು ಕೆಲವು ಶಬ್ದಗಳ ಪಟ್ಟಿಯನ್ನು ಇಟ್ಟುಕೊಂಡಿದ್ದವು. ‘ಉಚಿತ’, ‘ಬಹುಮಾನ’ ಎಂಬ ಶಬ್ದ ಕಂಡರೆ ಪತ್ರವನ್ನು ತಡೆಯುತ್ತಿದ್ದವು. 2002ರಲ್ಲಿ ಪಾಲ್ ಗ್ರಹಾಂ ಎಂಬ ಕಂಪ್ಯೂಟರ್ ತಜ್ಞರು ಪ್ರಕಟಿಸಿದ ಪ್ರಬಂಧದ ನಂತರ ಬೇರೊಂದು ವಿಧಾನವು ಜನಪ್ರಿಯವಾಯಿತು. ಅದರ ಬೇರು 1763ರಲ್ಲಿ ಪ್ರಕಟವಾದ ಥಾಮಸ್ ಬೇಯ್ಸ್ ಎಂಬ ಆಂಗ್ಲ ಪಾದ್ರಿಯ ಸಂಭವನೀಯತೆಯ ಸೂತ್ರದಲ್ಲಿದೆ. ಓದುಗರು ಕಸವೆಂದು ಗುರುತಿಸಿದ ಪತ್ರಗಳಲ್ಲಿ ಯಾವ ಶಬ್ದಗಳು ಎಷ್ಟು ಸಲ ಬರುತ್ತವೆ, ಬೇಕೆಂದು ಉಳಿಸಿಕೊಂಡ ಪತ್ರಗಳಲ್ಲಿ ಎಷ್ಟು ಸಲ ಬರುತ್ತವೆ ಎಂದು ಎಣಿಸಿ, ಹೊಸ ಪತ್ರವು ಯಾವ ಗುಂಪಿಗೆ ಸೇರಬಹುದೆಂದು ಅದು ಲೆಕ್ಕಹಾಕುತ್ತದೆ. ಇಂದಿನ ಜರಡಿಗಳು ಇದಕ್ಕಿಂತ ಬಹಳ ಮುಂದೆ ಹೋಗಿವೆ. ಕಳಿಸಿದ ವಿಳಾಸದ ಹಿನ್ನೆಲೆ, ಪತ್ರದೊಳಗಿನ ಕೊಂಡಿಗಳು, ಓದುಗರ ನಡವಳಿಕೆ ಎಲ್ಲವನ್ನೂ ಅವು ಗಮನಿಸುತ್ತವೆ. ಆದರೆ ಮೂಲತತ್ತ್ವ ಬದಲಾಗಿಲ್ಲ: ಯಂತ್ರಕ್ಕೆ ಪಾಠ ಹೇಳುವವರು ಓದುಗರೇ.

ಸಣ್ಣ ಭಾಷೆಯ ಸಣ್ಣ ಪತ್ರಿಕೆಗೆ ತೊಡಕಾಗುವುದು ಇಲ್ಲಿಯೇ. ದೊಡ್ಡ ಇಂಗ್ಲಿಷ್ ಪತ್ರಿಕೆಯೊಂದನ್ನು ಲಕ್ಷಾಂತರ ಮಂದಿ ತೆರೆದು ಓದುತ್ತಾರೆ. ಅದು ಬೇಕಾದ ಪತ್ರವೆಂಬುದಕ್ಕೆ ಯಂತ್ರದ ಬಳಿ ಲಕ್ಷ ಸಾಕ್ಷಿಗಳಿರುತ್ತವೆ. ಮುನ್ನೂರು ಮಂದಿ ಓದುಗರಿರುವ ಕನ್ನಡದ ವಾರ್ತಾಪತ್ರಕ್ಕೆ ಸಾಕ್ಷಿ ಹೇಳುವವರು ಆ ಮುನ್ನೂರೇ ಮಂದಿ. ಅವರಲ್ಲಿಯೂ ಹೆಚ್ಚಿನವರು ಮೌನವಾಗಿದ್ದರೆ ಯಂತ್ರವು ಸಂಶಯದ ಪಕ್ಷವನ್ನು ಹಿಡಿಯುತ್ತದೆ. ಸಾಕ್ಷಿಯ ಕೊರತೆಯನ್ನು ಯಂತ್ರವು ಗುಣದ ಕೊರತೆ ಎಂದು ಓದುತ್ತದೆ. ಆದ್ದರಿಂದ ಸಣ್ಣ ಪತ್ರಿಕೆಯ ಓದುಗನ ಒಂದು ಬೆರಳೊತ್ತಿಗೆ ದೊಡ್ಡ ಪತ್ರಿಕೆಯ ಸಾವಿರ ಓದುಗರಷ್ಟು ತೂಕವಿದೆಯೆಂದು ನಾನು ಭಾವಿಸುತ್ತೇನೆ.

ಕಳಿಸುವವರ ಹೊಣೆ

ಹಾಗೆಂದು ದೋಷವನ್ನೆಲ್ಲ ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. ಚಳವಳಿಯ ಗೆಳೆಯರಲ್ಲಿ ಒಂದು ಅಭ್ಯಾಸವಿದೆ. ಶಿಬಿರಕ್ಕೆ ಬಂದವರ, ಸಹಿ ಹಾಕಿದವರ, ಪರಿಚಯದವರ ವಿಳಾಸಗಳನ್ನೆಲ್ಲ ಕೂಡಿಸಿ, ಅವರನ್ನು ಕೇಳದೆಯೇ ಪತ್ರ ಕಳಿಸಲು ತೊಡಗುವುದು. ವಿಷಯವು ಎಷ್ಟೇ ಪವಿತ್ರವಾಗಿರಲಿ, ಕೇಳದವನ ಮನೆಗೆ ಹಾಕಿದ ಪತ್ರವು ಅವನ ದೃಷ್ಟಿಯಲ್ಲಿ ಕಸವೇ. ಅವನು ಬೇಸತ್ತು ‘ಸ್ಪ್ಯಾಮ್’ ಗುಂಡಿಯನ್ನು ಒತ್ತಿದರೆ ತಪ್ಪು ಅವನದಲ್ಲ.

ಆ ಒಂದು ಒತ್ತಿನ ಬೆಲೆಯನ್ನು ನೋಡೋಣ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಪತ್ರ ಕಳಿಸುವವರಿಗೆ ಹೊಸ ಕಟ್ಟಳೆಗಳನ್ನು ವಿಧಿಸಿವೆ. ಕಸವೆಂಬ ದೂರುಗಳ ಪ್ರಮಾಣವು ಶೇಕಡಾ 0.3ನ್ನು ಮುಟ್ಟಬಾರದು ಎಂಬುದು ಅವುಗಳಲ್ಲೊಂದು. ಎಂದರೆ ಸಾವಿರಕ್ಕೆ ಮೂರು. ಒಂದು ದಿನ ಮುನ್ನೂರು ಮಂದಿಗೆ ಪತ್ರ ಹೋಗಿ, ಒಬ್ಬನೇ ಒಬ್ಬನು ದೂರಿದರೂ ಆ ದಿನದ ಪ್ರಮಾಣವು ಶೇಕಡಾ 0.33 ಆಗುತ್ತದೆ. ದೊಡ್ಡ ಕಂಪನಿಗೆ ಗಣನೆಗೇ ಬಾರದ ಒಂದು ದೂರು ಸಣ್ಣ ಗುಂಪಿಗೆ ಮಿತಿಯನ್ನು ಮೀರಿಸಲು ಸಾಕು.

ಆದ್ದರಿಂದ ಪತ್ರ ಕಳಿಸುವ ಗುಂಪುಗಳು ಪಾಲಿಸಬೇಕಾದ ಕೆಲವು ನಡೆಗಳಿವೆ. ಮೊದಲನೆಯದು, ಒಪ್ಪಿಗೆಯಿಲ್ಲದೆ ಯಾರ ವಿಳಾಸವನ್ನೂ ಪಟ್ಟಿಗೆ ಸೇರಿಸಬಾರದು. ಬೇಡವೆಂದವರನ್ನು ಅದೇ ದಿನ ಪಟ್ಟಿಯಿಂದ ತೆಗೆಯಬೇಕು. ಬಿಟ್ಟುಹೋಗುವ ದಾರಿಯು ಪತ್ರದಲ್ಲಿ ಕಣ್ಣಿಗೆ ಕಾಣುವಂತಿರಬೇಕು. ಬಾಗಿಲು ಸಿಗದವನು ಗೋಡೆಯನ್ನು ಒಡೆಯುತ್ತಾನೆ.

ಎರಡನೆಯದು ಗುರುತಿನ ವಿಷಯ. ಹಿಂದೆ ಮುಖ್ಯವಾದ ಲಕೋಟೆಗೆ ಅರಗಿನ ಮುದ್ರೆಯನ್ನು ಒತ್ತುತ್ತಿದ್ದರಲ್ಲವೇ, ಮಿಂಚಂಚೆಯಲ್ಲಿಯೂ ಅಂತಹ ಮೂರು ಏರ್ಪಾಡುಗಳಿವೆ. ನಮ್ಮ ಹೆಸರಿನಲ್ಲಿ ಯಾವ ಯಾವ ಅಂಚೆಮನೆಗಳು ಪತ್ರ ರವಾನಿಸಬಹುದೆಂದು ಮುಂಚಿತವಾಗಿ ಸಾರುವುದು ಎಸ್‌ಪಿಎಫ್. ಪತ್ರವು ದಾರಿಯಲ್ಲಿ ತಿದ್ದಲ್ಪಟ್ಟಿಲ್ಲವೆಂದು ತೋರಿಸುವ ಮುದ್ರೆ ಡಿಕೆಐಎಂ. ಇವೆರಡೂ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವ ಅಪ್ಪಣೆ ಡಿಮಾರ್ಕ್. ಜಿಮೇಲ್ ವಿಳಾಸಗಳಿಗೆ ಕಳಿಸುವ ಎಲ್ಲರೂ ಮೊದಲೆರಡರಲ್ಲಿ ಒಂದನ್ನಾದರೂ ಹೊಂದಿರಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ. ಉಚಿತ ಜಿಮೇಲ್ ಖಾತೆಯ ವಿಳಾಸವನ್ನು ಮುಂದಿಟ್ಟುಕೊಂಡು ಬೇರೊಂದು ಸೇವೆಯ ಮೂಲಕ ನೂರಾರು ಪ್ರತಿ ಕಳಿಸಿದರೆ ಗುರುತು ತಾಳೆಯಾಗದೆ ಪತ್ರವು ಸಂಶಯಕ್ಕೆ ಒಳಗಾಗುತ್ತದೆ. ಗುಂಪಿಗೊಂದು ಸ್ವಂತ ಹೆಸರಿನ ವಿಳಾಸವಿರುವುದು ಮೇಲು. ನಮ್ಮ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುತ್ತಿರುವ ವಿದ್ಯಾರ್ಥಿಗಳು ಒಂದು ಮಧ್ಯಾಹ್ನ ಕುಳಿತರೆ ಈ ಮೂರನ್ನೂ ಹೊಂದಿಸಿಕೊಡಬಲ್ಲರು. ಪರಿಸರ ಸೇವೆಯೆಂದರೆ ಸಸಿ ನೆಡುವುದು ಮಾತ್ರವಲ್ಲ.

ಮೂರನೆಯದು ಅಕ್ಷರದ ವಿಷಯ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕನ್ನಡವು, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಮನುಷ್ಯನಿಗೆ ಹಾಗೆ ಕಂಡದ್ದು ಯಂತ್ರಕ್ಕೂ ಹಾಗೆಯೇ. ಆ ತೊಂದರೆಯನ್ನು ತಪ್ಪಿಸಲು ಪುಟವನ್ನೇ ಚಿತ್ರವಾಗಿಸಿ ಅಂಟಿಸುವ ರೂಢಿ ಬಂದಿತು. ಅದು ಇಂದಿಗೂ ಉಳಿದಿದೆ. ಆದರೆ ಜರಡಿಯಿಂದ ತಪ್ಪಿಸಿಕೊಳ್ಳಲು ಕಸದಂಚೆಯವರೂ ಇದೇ ಉಪಾಯವನ್ನು ಬಳಸಿದ್ದರಿಂದ, ಬರಿಯ ಚಿತ್ರವಿರುವ ಪತ್ರವೆಂದರೆ ಜರಡಿಗೆ ಅನುಮಾನ. ಪತ್ರದ ಮೈಯನ್ನು ಯೂನಿಕೋಡ್ ಕನ್ನಡದಲ್ಲಿಯೇ ಬರೆಯಬೇಕು. ಗಡಿಭಾಗದ ಮರಾಠಿ ಓದುಗರಿಗಾಗಿ ಕೆಳಗೆ ಮರಾಠಿಯ ಸಾರಾಂಶವೊಂದನ್ನು ಕೊಟ್ಟರೆ ಇನ್ನೂ ಒಳ್ಳೆಯದು. ಹೊಳೆಯ ನೀರು ಭಾಷೆಯನ್ನು ಕೇಳಿ ನುಗ್ಗುವುದಿಲ್ಲ.

ಓದುವವರ ಹೊಣೆ

ಇನ್ನು ಓದುಗರ ಕರ್ತವ್ಯ. ಇದಕ್ಕೆ ತಾಂತ್ರಿಕ ವಿದ್ಯೆಯೇನೂ ಬೇಕಾಗಿಲ್ಲ. ವಾರಕ್ಕೊಮ್ಮೆ, ಸಂತೆಯ ದಿನದಂದೋ ಅಮಾವಾಸ್ಯೆಯ ಬಿಡುವಿನಲ್ಲೋ, ಮೊಬೈಲಿನ ಅಂಚೆಪೆಟ್ಟಿಗೆಯ ಮೂಲೆಯಲ್ಲಿರುವ ಮೂರು ಗೆರೆಗಳನ್ನು ಒತ್ತಿ ‘ಸ್ಪ್ಯಾಮ್’ ಎಂಬ ಪೆಟ್ಟಿಗೆಯನ್ನು ತೆರೆದು ನೋಡಿರಿ. ಬೇಕಾದ ಪತ್ರ ಅಲ್ಲಿದ್ದರೆ, ಅದನ್ನು ತೆರೆದು ‘ಸ್ಪ್ಯಾಮ್ ಅಲ್ಲ’ ಎಂದು ತಿಳಿಸುವ ಗುಂಡಿಯನ್ನು ಒತ್ತಿರಿ. ಓದಿ ಅಲ್ಲಿಯೇ ಬಿಟ್ಟರೆ ಯಂತ್ರಕ್ಕೆ ಪಾಠವಾಗುವುದಿಲ್ಲ.

ಎರಡನೆಯದಾಗಿ, ಕಳಿಸಿದವರ ವಿಳಾಸವನ್ನು ನಿಮ್ಮ ಸಂಪರ್ಕ ಪಟ್ಟಿಗೆ ಸೇರಿಸಿಕೊಳ್ಳಿರಿ. ಪರಿಚಿತರ ಪತ್ರವನ್ನು ಜರಡಿಯು ಸುಲಭವಾಗಿ ತಡೆಯುವುದಿಲ್ಲ. ಮೂರನೆಯದಾಗಿ, ಆಗಾಗ ಪತ್ರಕ್ಕೆ ಉತ್ತರ ಬರೆಯಿರಿ. ‘ನಮ್ಮಲ್ಲಿ ಈ ವಾರ ಇಷ್ಟು ಮಳೆಯಾಯಿತು’ ಎಂಬ ಒಂದು ಸಾಲು ಸಾಕು. ಅದರಿಂದ ಸಂಪಾದಕರಿಗೆ ಸುದ್ದಿ ಸಿಕ್ಕಿತು. ಯಂತ್ರಕ್ಕೆ ಇವರಿಬ್ಬರೂ ಬಲ್ಲವರೆಂಬ ಸಾಕ್ಷಿಯೂ ಸಿಕ್ಕಿತು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆಯುವ ವಿದ್ಯಾರ್ಥಿಗಳು ಆಯ್ದ ವಿಳಾಸದ ಪತ್ರವನ್ನು ಎಂದಿಗೂ ಸ್ಪ್ಯಾಮಿಗೆ ಕಳಿಸಕೂಡದೆಂಬ ನಿಯಮವನ್ನೇ ಬರೆದಿಡಬಹುದು. ಮನೆಯ ಹಿರಿಯರ ಖಾತೆಗೂ ಅದನ್ನು ಮಾಡಿಕೊಟ್ಟರೆ ಪುಣ್ಯದ ಕೆಲಸ. ಇದೇ ರೀತಿ 2013ರಿಂದ ಜಿಮೇಲ್‌ನಲ್ಲಿರುವ ‘ಪ್ರಮೋಷನ್ಸ್’ ಎಂಬ ವಿಭಾಗಕ್ಕೂ ಒಮ್ಮೆ ಕಣ್ಣು ಹಾಯಿಸಿರಿ. ಅಲ್ಲಿ ಜಾಹೀರಾತುಗಳ ನಡುವೆ ನಮ್ಮ ಪತ್ರಗಳು ಮಲಗಿರುವುದುಂಟು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಅಗತ್ಯ. ಆ ಪೆಟ್ಟಿಗೆಯಲ್ಲಿರುವುದರ ಬಹುಪಾಲು ನಿಜವಾಗಿಯೂ ಕಸ, ಕೆಲವು ವಿಷ. ಪಿಎಂ-ಕಿಸಾನ್ ಕಂತು, ಬೆಳೆವಿಮೆ, ಬ್ಯಾಂಕ್ ಖಾತೆಗಳ ಹೆಸರಿನಲ್ಲಿ ಬರುವ ನಕಲಿ ಕೊಂಡಿಗಳನ್ನು ಒತ್ತಿ ಹಣ ಕಳೆದುಕೊಂಡವರಿದ್ದಾರೆ. ಕಳಿಸಿದವರ ಹೆಸರನ್ನು ನಂಬದೆ ಪೂರ್ಣ ವಿಳಾಸವನ್ನು ಓದಿರಿ. ನೀವು ಕೇಳದಿದ್ದ ಪತ್ರವನ್ನು ಅಲ್ಲಿಂದ ಎತ್ತಬೇಡಿರಿ. ಮತ್ತು ಒಂದು ಕಾಲಕ್ಕೆ ಕೇಳಿ ತರಿಸಿಕೊಂಡು ಈಗ ಬೇಡವಾದ ಪತ್ರಿಕೆಯನ್ನು ‘ಸ್ಪ್ಯಾಮ್’ ಎಂದು ದೂರಬೇಡಿರಿ. ಪಟ್ಟಿಯಿಂದ ಹೆಸರು ತೆಗೆಯಿರೆಂದು ಹೇಳಿರಿ. ನಿಮ್ಮ ದೂರಿನಿಂದ ಪಕ್ಕದೂರಿನ ಓದುಗನ ಪತ್ರವೂ ಕಸಕ್ಕೆ ಬೀಳಬಹುದು.

ಯಂತ್ರದ ಜರಡಿ, ಅಧಿಕಾರದ ಬೀಗ

ಈ ಸಂದರ್ಭದಲ್ಲಿ 2020ರ ಘಟನೆಯೊಂದನ್ನು ನೆನೆಯುವುದು ಉಚಿತ. ಆ ವರ್ಷದ ಏಪ್ರಿಲಿನಲ್ಲಿ ಕೇಂದ್ರ ಪರಿಸರ ಮಂತ್ರಾಲಯವು ಪರಿಸರ ಪರಿಣಾಮ ಅಧಿಸೂಚನೆಯ ಹೊಸ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಜನರ ಅಭಿಪ್ರಾಯಗಳನ್ನು ಕೇಳಿತು. ಲಾಕ್‌ಡೌನಿನ ಆ ದಿನಗಳಲ್ಲಿ ಮಿಂಚಂಚೆಯೇ ಜನರ ಮುಖ್ಯ ದಾರಿಯಾಯಿತು. ಲಕ್ಷಾಂತರ ಪತ್ರಗಳು ಹೋದವು. ಜುಲೈನಲ್ಲಿ ಫ್ರೈಡೇಸ್ ಫಾರ್ ಫ್ಯೂಚರ್ ಇಂಡಿಯಾ, ಲೆಟ್ ಇಂಡಿಯಾ ಬ್ರೀತ್, ದೇರ್ ಈಸ್ ನೋ ಅರ್ಥ್ ಬಿ ಎಂಬ ಗುಂಪುಗಳ ಜಾಲತಾಣಗಳಿಗೆ ಬೀಗ ಬಿತ್ತು. ಇವುಗಳಲ್ಲಿ ಮೊದಲನೆಯದಕ್ಕೆ ಸಂಬಂಧಿಸಿದ ದೂರೆಂದರೆ, ಮಂತ್ರಿಗಳಿಗೆ ಒಂದೇ ವಿಷಯದ ಪತ್ರಗಳು ರಾಶಿರಾಶಿಯಾಗಿ ಬಂದುವೆಂಬುದು. ಭಯೋತ್ಪಾದನೆ ತಡೆಗೆ ಇರುವ ಕಾಯ್ದೆಯನ್ನು ಉಲ್ಲೇಖಿಸಿದ್ದ ನೋಟೀಸು ಕಣ್ತಪ್ಪಿನಿಂದ ಹೋಗಿತ್ತೆಂದು ದಿಲ್ಲಿಯ ಪೊಲೀಸರು ನಂತರ ಹೇಳಿದರು; ತಾಣವು ಮತ್ತೆ ತೆರೆಯಿತು. ಕರಡು ಪ್ರಾದೇಶಿಕ ಭಾಷೆಗಳಲ್ಲಿ ಪ್ರಚಾರವಾಗದಿರುವ ಪ್ರಶ್ನೆಯು ನಮ್ಮ ಉಚ್ಚ ನ್ಯಾಯಾಲಯದ ಮುಂದೆ ಬಂದಾಗ, ಅಂತಿಮ ಅಧಿಸೂಚನೆಯನ್ನು ಹೊರಡಿಸದಂತೆ ಆಗಸ್ಟಿನಲ್ಲಿ ಮಧ್ಯಂತರ ತಡೆ ದೊರೆಯಿತು.

ನಾಗರಿಕನು ತನ್ನ ಸರ್ಕಾರಕ್ಕೆ ಬರೆದ ಪತ್ರವನ್ನು ಕಸವೆಂದು ಕರೆಯುವ ಅಧಿಕಾರ ಯಾರಿಗೂ ಇರಬಾರದು. ಆ ಬೀಗದ ವಿರುದ್ಧ ನ್ಯಾಯಾಲಯದಲ್ಲಿ, ಬೀದಿಯಲ್ಲಿ ಮಾತನಾಡಬೇಕು. ಆದರೆ ಯಂತ್ರದ ಜರಡಿಯ ಮಟ್ಟಿಗೆ ನಮಗೊಂದು ಪಾಠವೂ ಇದೆ. ಒಂದೇ ಒಕ್ಕಣೆ, ಒಂದೇ ತಲೆಬರಹದ ಸಾವಿರ ಪತ್ರಗಳು ಒಟ್ಟಿಗೆ ಹೋದರೆ ಜರಡಿಗೆ ಅವು ಕಸದಂತೆಯೇ ಕಾಣುತ್ತವೆ. ಮಾಂಜರಿಯ ರೈತ, ಕುಡಚಿಯ ವಿದ್ಯಾರ್ಥಿನಿ, ಶಿರಗುಪ್ಪಿಯ ಶಿಕ್ಷಕ ತಮ್ಮ ತಮ್ಮ ಊರಿನ ಸಂಗತಿಯನ್ನು ತಮ್ಮ ಮಾತಿನಲ್ಲಿ ಬರೆದ ಹತ್ತು ಪತ್ರಗಳು ಯಂತ್ರವನ್ನೂ ದಾಟುತ್ತವೆ, ಓದುವ ಅಧಿಕಾರಿಯನ್ನೂ ತಟ್ಟುತ್ತವೆ.

ವಾಟ್ಸಾಪ್ ಸಾಲದೇ?

ಎಲ್ಲರ ಕೈಯಲ್ಲಿ ವಾಟ್ಸಾಪ್ ಇರುವಾಗ ಮಿಂಚಂಚೆಯ ಗೊಡವೆ ಏಕೆಂಬ ಪ್ರಶ್ನೆ ಸಹಜ. ವೇಗಕ್ಕೆ ವಾಟ್ಸಾಪ್ ಒಳ್ಳೆಯದು. ಆದರೆ ದಿನಕ್ಕೆ ನೂರು ಶುಭೋದಯಗಳ ಕೆಳಗೆ ಹೂತುಹೋದ ಸೂಚನೆಯನ್ನು ಎರಡು ತಿಂಗಳ ನಂತರ ಹುಡುಕಿ ತೆಗೆಯುವುದು ಕಷ್ಟ. ಅದನ್ನು ಮೊದಲು ಬರೆದವರಾರೆಂದು ತಿಳಿಯುವುದೂ ಕಷ್ಟ. ದಿನಾಂಕ, ಕಳಿಸಿದವರ ವಿಳಾಸ, ಪೂರ್ಣ ಪಾಠ ಇವೆಲ್ಲ ಒಂದೆಡೆ ಉಳಿಯುವುದು ಪತ್ರದಲ್ಲಿ. ಬೆಳೆಹಾನಿಯ ಅರ್ಜಿಗೋ ಆಕ್ಷೇಪಣೆಗೋ ಜೊತೆಗಿಡಲು ಆಧಾರವಾಗುವುದೂ ಅದೇ.

ಜರಡಿಯ ತೊಂದರೆಯು ಮೊಬೈಲ್ ಸಂದೇಶಗಳನ್ನೂ ಬಿಟ್ಟಿಲ್ಲ. ಬೇಡದ ಎಸ್ಸೆಮ್ಮೆಸ್ಸುಗಳನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2018ರಲ್ಲಿ ಮಾಡಿದ ನಿಯಮವನ್ನು 2021ರ ಮಾರ್ಚ್ 8ರಂದು ಕಟ್ಟುನಿಟ್ಟಾಗಿ ಜಾರಿಗೊಳಿಸಿದಾಗ, ದೇಶದಾದ್ಯಂತ ಬ್ಯಾಂಕುಗಳ ಒಟಿಪಿ ಸಂದೇಶಗಳೇ ನಿಂತುಹೋದವು. ನಿಯಮವನ್ನು ಒಂದು ವಾರ ತಡೆಹಿಡಿಯಬೇಕಾಯಿತು. ಬ್ಯಾಂಕುಗಳ ಸಂದೇಶ ನಿಂತರೆ ಮರುದಿನವೇ ಗದ್ದಲವಾಗುತ್ತದೆ, ಸರಿಯಾಗುತ್ತದೆ. ಮುನ್ನೂರು ಓದುಗರ ವಾರ್ತಾಪತ್ರ ನಿಂತರೆ ಗದ್ದಲ ಮಾಡುವವರು ಯಾರು?

ಬೀಜವನ್ನು ಅಂಗಡಿಯಿಂದ ತಂದರೂ ಮೊಳಕೆಯ ಪರೀಕ್ಷೆಯನ್ನು ರೈತನು ತನ್ನ ಮನೆಯಲ್ಲಿ ಮಾಡಿಕೊಳ್ಳುತ್ತಾನೆ. ಕಳೆಯನ್ನು ಔಷಧದಿಂದ ಕೊಂದರೂ ಸಾಲಿನಲ್ಲಿ ಒಮ್ಮೆ ನಡೆದು ಬೆಳೆ ಉಳಿದಿದೆಯೇ ಎಂದು ನೋಡುತ್ತಾನೆ. ಸುದ್ದಿಯ ಹೊಲದಲ್ಲಿಯೂ ಅಷ್ಟೇ ಎಚ್ಚರವಿರಲಿ. ಈ ಮಳೆಗಾಲದ ಮೊದಲು ಪ್ರತಿಯೊಂದು ಊರಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಹತ್ತು ಮನೆಗಳ ಮೊಬೈಲುಗಳನ್ನು ತೆರೆದು, ಬೇಕಾದ ಪತ್ರಗಳನ್ನು ಕಸದ ಪೆಟ್ಟಿಗೆಯಿಂದ ಹೊರತೆಗೆದು, ವಿಳಾಸಗಳನ್ನು ಸಂಪರ್ಕ ಪಟ್ಟಿಗೆ ಸೇರಿಸಿಕೊಡಲಿ. ಹಣ ಬೇಕಿಲ್ಲ, ಅನುಮತಿ ಬೇಕಿಲ್ಲ, ಒಂದು ಸಂಜೆಯ ಸಮಯ ಸಾಕು. ಕೊಯ್ನೆಯ ಬಾಗಿಲು ತೆರೆಯುವುದು ನಮ್ಮ ಕೈಯಲ್ಲಿಲ್ಲ. ಸುದ್ದಿಯ ಬಾಗಿಲನ್ನು ತೆರೆದಿಡುವುದು ನಮ್ಮ ಕೈಯಲ್ಲಿದೆ.